ಕಿಮ್ ಯೊನ್-ಕ್ಯೊಂಗ್ ಒಬ್ಬರೇ ಅಲ್ಲ: ಕೊರಿಯಾದ ವಾಲಿಬಾಲ್ ಆಟಗಾರ್ತಿಯರಲ್ಲಿ ನೀವು ಯಾರ ಆಟ ನೋಡಬೇಕು?

ನನ್ನ ಅಕ್ಕನ ಮಗಳು ಹೈಸ್ಕೂಲು ವಾಲಿಬಾಲ್ ತಂಡದಲ್ಲಿ ಆಡುತ್ತಾಳೆ. ಎತ್ತರ ಐದಡಿ ಮೂರಿಂಚು. ಅವಳ ಮೊಬೈಲಿನ ಪರದೆ ಮೇಲೆ ಆರಡಿ ಮೂರೂವರೆ ಇಂಚಿನ ಕಿಮ್ ಯೊನ್-ಕ್ಯೊಂಗ್ ಸ್ಮ್ಯಾಶ್ ಹೊಡೆಯುವ ಚಿತ್ರ. "ಮಾಮ, ನಾನೂ ಇವ್ರ ಥರ ಆಡ್ಬೇಕು, ಏನ್ ಮಾಡ್ಲಿ?" ಅಂತ ಕೇಳಿದಳು. ಇನ್ನೊಂದು ಅಡಿ ಬೆಳಿ ಅನ್ನೋಣ ಅನ್ನಿಸಿತು. ಅನ್ನಲಿಲ್ಲ. ಬದಲಿಗೆ ಒಂದು ಚೀಟಿಯಲ್ಲಿ ಇನ್ನೂ ನಾಲ್ಕೈದು ಕೊರಿಯನ್ ಹೆಸರು ಬರೆದುಕೊಟ್ಟೆ. ಆ ಚೀಟಿಯೇ ಬೆಳೆದು ಇಷ್ಟಾಗಿದೆ.

ಕೊರಿಯಾದ ಹೆಣ್ಣುಮಕ್ಕಳ ವಾಲಿಬಾಲ್ ಅಂದರೆ ಎಲ್ಲರ ಬಾಯಲ್ಲೂ ಬರುವುದು ಕಿಮ್ ಹೆಸರೇ. ತಪ್ಪಿಲ್ಲ. ಆದರೆ ನೋಡಿ ಖುಷಿಪಡುವುದಕ್ಕೆ ಒಬ್ಬರು, ನೋಡಿ ಕಲಿಯುವುದಕ್ಕೆ ಇನ್ನೊಬ್ಬರು, ಸೋತು ಕೂತಾಗ ನೆನೆಸಿಕೊಳ್ಳುವುದಕ್ಕೆ ಮತ್ತೊಬ್ಬರು ಬೇಕು ಅನ್ನುವುದು ನನ್ನ ಲೆಕ್ಕ. ನಿಮಗೆ ಯಾವುದಕ್ಕೆ ಬೇಕು ಅಂತ ಮೊದಲು ಯೋಚಿಸಿ.

ಒಂದು ಎಚ್ಚರಿಕೆ. ಪಾಯಿಂಟ್ ಪಟ್ಟಿ ಹಿಡಿದುಕೊಂಡು ಹೋಲಿಸಲು ಹೋಗಬೇಡಿ. ಲಿಬೆರೋ, ಅಂದರೆ ಹಿಂದೆ ನಿಂತು ಚೆಂಡು ಎತ್ತುವುದಷ್ಟೇ ಕೆಲಸವಾದವರನ್ನು ಪಾಯಿಂಟಿನಲ್ಲಿ ಅಳೆಯುವುದು, ವಿಕೆಟ್‌ಕೀಪರ್ ಎಷ್ಟು ವಿಕೆಟ್ ತೆಗೆದ ಅಂತ ಕೇಳಿದ ಹಾಗೆ.

ಮೊದಲು ಅಂಗಳದ ಪರಿಚಯ

ಕೊರಿಯಾದ ವೃತ್ತಿಪರ ಲೀಗ್ ಹೆಸರು ವಿ-ಲೀಗ್. ಶುರುವಾದದ್ದು 2005ರಲ್ಲಿ. ಹೆಣ್ಣುಮಕ್ಕಳ ವಿಭಾಗದಲ್ಲಿ ಈಗ ಏಳು ತಂಡ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಆಟ. ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ನಮಗೆ ಮಧ್ಯಾಹ್ನ ಮೂರೂವರೆಗೆ ಬರುತ್ತದೆ, ಶಾಲೆ ಆಫೀಸು ಇರುವವರಿಗೆ ಸ್ವಲ್ಪ ಕಷ್ಟದ ಹೊತ್ತು.

ತಂಡಗಳ ಹೆಸರು ಕೇಳಿದರೆ ನಗು ಬರುತ್ತದೆ. ಒಂದು ವಿಮಾ ಕಂಪನಿಯದು, ಒಂದು ಬ್ಯಾಂಕಿನದು, ಒಂದು ಕಟ್ಟಡ ಕಟ್ಟುವ ಕಂಪನಿಯದು, ಒಂದು ಜಿನ್ಸೆಂಗ್ ಮಾರುವವರದು. ಇನ್ನೊಂದು ತಂಡ ಸಾಕ್ಷಾತ್ ಹೆದ್ದಾರಿ ನಿಗಮದ್ದು! ನಮ್ಮಲ್ಲೂ ರೈಲ್ವೆ ತಂಡ, ಕೇರಳದ ವಿದ್ಯುತ್ ಮಂಡಳಿ ತಂಡ ಇವೆಯಲ್ಲ, ಆ ಥರ. ಈ ಹೆದ್ದಾರಿ ತಂಡ ನೆನಪಿರಲಿ, ಮುಂದೆ ಬರುತ್ತದೆ.

ಕಿಮ್ ಯೊನ್-ಕ್ಯೊಂಗ್: ಒಂದೇ ಪಂದ್ಯ ನೋಡುವಷ್ಟು ಪುರುಸೊತ್ತು ಇದ್ದರೆ ಇವರು

1988ರಲ್ಲಿ ಅನ್ಸಾನ್ ಊರಿನಲ್ಲಿ ಹುಟ್ಟಿದವರು. ಅಕ್ಕ ವಾಲಿಬಾಲ್ ಆಡುತ್ತಿದ್ದರು, ಹಿಂದೆಯೇ ಇವರೂ ಹೋದರು. ಈಗ ಕೇಳಿದರೆ ನಂಬುವುದು ಕಷ್ಟ, ಮಿಡ್ಲ್ ಸ್ಕೂಲಿನಲ್ಲಿ ಇವರು ಕುಳ್ಳಿ. ನೆಟ್ ಹತ್ತಿರ ನಿಲ್ಲಿಸಲು ಯಾರೂ ತಯಾರಿರಲಿಲ್ಲ. ಹಾಗಾಗಿ ಹಿಂದೆ ನಿಂತು ಚೆಂಡು ಎತ್ತುವುದು, ಸರ್ವಿಸ್ ತೆಗೆಯುವುದು, ಇದನ್ನೇ ವರ್ಷಗಟ್ಟಲೆ ಮಾಡಿದರು. ಹೈಸ್ಕೂಲಿಗೆ ಬಂದಮೇಲೆ ಸರಸರ ಬೆಳೆದು 192 ಸೆಂಟಿಮೀಟರ್ ಆದರು. ಕುಳ್ಳಿಯಾಗಿದ್ದಾಗ ಕಲಿತ ಕೈಚಳಕ ಎತ್ತರದ ಮೈಗೆ ಬಂದು ಕೂತಿತು. ಇವರ ಗುಟ್ಟು ಇಷ್ಟೇ. ಜಗತ್ತಿನಲ್ಲಿ ಎತ್ತರದ ಸ್ಮ್ಯಾಶರ್‌ಗಳು ಬೇಕಾದಷ್ಟು ಜನ ಇದ್ದಾರೆ. ಸರ್ವಿಸನ್ನು ಲಿಬೆರೋ ಥರ ತೆಗೆದು, ಮರುಗಳಿಗೆಯೇ ಹಾರಿ ಹೊಡೆಯುವ ಆರಡಿ ಮೂರಿಂಚಿನವರು ಬಹಳ ಕಡಿಮೆ.

2005ರಲ್ಲಿ ಹಂಗ್‌ಗುಕ್ ಲೈಫ್ ಪಿಂಕ್ ಸ್ಪೈಡರ್ಸ್ ತಂಡ ಇವರನ್ನು ಮೊದಲ ಆಯ್ಕೆಯಾಗಿ ತೆಗೆದುಕೊಂಡಿತು. ಮೊದಲ ಸೀಸನ್ನಿನಲ್ಲೇ ಹೊಸ ಆಟಗಾರ್ತಿ ಪ್ರಶಸ್ತಿ, ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ, ಫೈನಲ್‌ನ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಎಲ್ಲವೂ ಇವರಿಗೇ. ನಾಲ್ಕು ಸೀಸನ್ನಿನಲ್ಲಿ ಮೂರು ಸಲ ತಂಡ ಗೆದ್ದಿತು. ಆಮೇಲೆ ಜಪಾನಿನ ಜೆಟಿ ಮಾರ್ವೆಲಸ್, 2010-11ರಲ್ಲಿ ಆ ತಂಡಕ್ಕೂ ಲೀಗ್ ಪ್ರಶಸ್ತಿ. ಅಲ್ಲಿಂದ ಟರ್ಕಿಯ ಫೆನರ್‌ಬಾಚೆ. 2012ರಲ್ಲಿ ಬಾಕು ನಗರದಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದು ಟೂರ್ನಿಯ ಶ್ರೇಷ್ಠ ಆಟಗಾರ್ತಿ ಆದರು. ನಡುವೆ ಊರಿನ ಕ್ಲಬ್ ಜೊತೆ ದೊಡ್ಡ ಜಗಳವೂ ಆಯಿತು. ನೀನಿನ್ನೂ ನಮ್ಮ ಆಟಗಾರ್ತಿ ಅಂತ ಅವರು, ನಾನು ಸ್ವತಂತ್ರಳು ಅಂತ ಇವರು. ಹಗ್ಗಜಗ್ಗಾಟ ಅಂತರರಾಷ್ಟ್ರೀಯ ವಾಲಿಬಾಲ್ ಸಂಸ್ಥೆಯ ತನಕ ಹೋಯಿತು.

ಅದೇ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎಂಟು ಪಂದ್ಯಗಳಿಂದ 207 ಪಾಯಿಂಟ್. ಕೊರಿಯಾ ಕಂಚಿನ ಪಂದ್ಯದಲ್ಲಿ ಜಪಾನಿಗೆ ಸೋತು ನಾಲ್ಕನೇ ಸ್ಥಾನಕ್ಕೆ ನಿಂತಿತು. ಆದರೂ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಕಿಮ್‌ಗೇ ಬಂತು. ಪದಕವಿಲ್ಲದ ತಂಡದವರಿಗೆ ಆ ಪ್ರಶಸ್ತಿ ಕೊಡಬೇಕಾದರೆ ಆಟ ಹೇಗಿದ್ದಿರಬೇಕು ನೀವೇ ಊಹಿಸಿ.

ಇವರಿಗೆ ಒಂದು ಅಡ್ಡಹೆಸರಿದೆ, 'ಬ್ರೆಡ್ ಅಕ್ಕ'. 2016ರ ರಿಯೋದಲ್ಲಿ ಜಪಾನ್ ಮೇಲೆ ಆಡುವಾಗ ಸಿಟ್ಟು ಬಂದು ಬಾಯಿಂದ ಒಂದು ಬೈಗುಳ ಹೊರಬಿತ್ತು, ಕ್ಯಾಮೆರಾ ಅದನ್ನು ಹಿಡಿಯಿತು. ಆ ಬೈಗುಳ ಕೊರಿಯನ್ ಭಾಷೆಯಲ್ಲಿ ಸ್ಲೈಸ್ ಬ್ರೆಡ್ಡಿಗೆ ಇರುವ ಪದದ ಹತ್ತಿರ ಹತ್ತಿರ ಕೇಳಿಸುತ್ತದೆ. ಅಭಿಮಾನಿಗಳು ಬೈಗುಳವನ್ನು ಬ್ರೆಡ್ ಮಾಡಿಬಿಟ್ಟರು. ಅವರೂ ಅದನ್ನು ನಗುತ್ತಾ ಒಪ್ಪಿಕೊಂಡು ತಮ್ಮ ಯೂಟ್ಯೂಬ್ ಚಾನೆಲ್‌ಗೆ ಅದೇ ಹೆಸರಿಟ್ಟರು.

ನೋಡಬೇಕಾದ ಪಂದ್ಯ 2021ರ ಜುಲೈ 31ರದು. ಟೋಕಿಯೋ ಒಲಿಂಪಿಕ್ಸ್, ಜಪಾನ್ ಎದುರಾಳಿ, ಅವರದೇ ನೆಲ. ಕಿಮ್ ಕ್ಯಾಪ್ಟನ್. ಒಟ್ಟು 30 ಪಾಯಿಂಟ್ ಹೊಡೆದರು. ಐದನೇ ಸೆಟ್ ತನಕ ಹೋಗಿ 16-14ರಲ್ಲಿ ಮುಗಿಯಿತು. ಆ ಕೊನೆಯ ಪಾಯಿಂಟ್‌ಗಳು ಯಾರದು ಅನ್ನುವುದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಕ್ವಾರ್ಟರ್‌ಫೈನಲ್‌ನಲ್ಲಿ ಟರ್ಕಿಯನ್ನೂ ಐದು ಸೆಟ್ಟಿನಲ್ಲಿ ಸೋಲಿಸಿದರು. ಆಗ ಟರ್ಕಿಯಲ್ಲಿ ಕಾಡ್ಗಿಚ್ಚು ಉರಿಯುತ್ತಿತ್ತು. ಗೆದ್ದ ಕೊರಿಯಾದ ಅಭಿಮಾನಿಗಳು ಕಿಮ್ ಹೆಸರಿನಲ್ಲಿ, ತಂಡದ ಹೆಸರಿನಲ್ಲಿ ಆ ದೇಶಕ್ಕೆ ಗಿಡಗಳನ್ನು ದಾನ ಕೊಟ್ಟರು. ಇಂಥದ್ದು ಕ್ರೀಡೆಯಲ್ಲಿ ದಿನಾ ನೋಡಲು ಸಿಗುವುದಿಲ್ಲ. ಸೆಮಿಫೈನಲ್‌ನಲ್ಲಿ ಬ್ರೆಜಿಲ್, ಕಂಚಿನ ಪಂದ್ಯದಲ್ಲಿ ಸೆರ್ಬಿಯಾ, ಎರಡರಲ್ಲೂ ಒಂದು ಸೆಟ್ಟೂ ಸಿಗದೆ ಸೋಲು. ಮತ್ತೆ ನಾಲ್ಕನೇ ಸ್ಥಾನ.

ಇಷ್ಟೆಲ್ಲ ಹೇಳಿದಮೇಲೂ ಕಲಿಯುವ ಮಕ್ಕಳಿಗೆ ಇವರನ್ನು ಮೊದಲ ಆಯ್ಕೆಯಾಗಿ ನಾನು ಹೇಳುವುದಿಲ್ಲ. ಕಿಮ್ ಆಟವನ್ನು ನಕಲು ಮಾಡಲು ಆಗುವುದಿಲ್ಲ. ಚೆಂಡು ಎಲ್ಲಿಗೆ ಬಂದರೂ ಅವರು ಪಾಯಿಂಟ್ ಮಾಡುತ್ತಾರೆ, ಅದನ್ನು ನೋಡಿ ನಮ್ಮ ಹುಡುಗಿ ಎಲ್ಲ ಚೆಂಡಿಗೂ ಕೈ ಬೀಸಿದರೆ ನೆಟ್ ಹರಿಯುತ್ತದೆ ಅಷ್ಟೇ. ಅವರ ಹಿಂದಿನ ಸಾಲಿನ ಆಟವನ್ನು ಮಾತ್ರ ತೆಗೆದು ನೋಡಿ. ಸರ್ವಿಸ್ ಬರುವ ಮುಂಚೆ ಪಾದ ಎಲ್ಲಿದೆ, ಕೈ ಎಷ್ಟು ಸುಮ್ಮನಿದೆ. ಕಲಿಯುವ ಸಂಗತಿ ಅಲ್ಲಿದೆ.

ಯಾಂಗ್ ಹ್ಯೋ-ಜಿನ್: ಸದ್ದಿಲ್ಲದೆ ಗೆಲ್ಲುವುದು ಹೇಗೆ ಅಂತ ನೋಡಬೇಕಿದ್ದರೆ

ಬುಸಾನ್ ಊರಿನವರು. 1989ರಲ್ಲಿ ಹುಟ್ಟಿದವರು. 190 ಸೆಂಟಿಮೀಟರ್. ಕಿಮ್ ಐದಾರು ಕ್ಲಬ್ ಸುತ್ತಿದರೆ, ಇವರು 2007ರಲ್ಲಿ ಸೇರಿದ ಹ್ಯುಂಡೈ ಹಿಲ್‌ಸ್ಟೇಟ್ ತಂಡವನ್ನು ಬಿಟ್ಟು ಕದಲಲಿಲ್ಲ. ಆಡುವ ಜಾಗ ನಡು ಬ್ಲಾಕರ್, ಅಂದರೆ ನೆಟ್ ನಡುವೆ ನಿಂತು ಎದುರಾಳಿಯ ಹೊಡೆತ ತಡೆಯುವವರು.

2009-10ರಿಂದ 2019-20ರವರೆಗೆ ಸತತ ಹನ್ನೊಂದು ಸೀಸನ್ ಲೀಗಿನ ಬ್ಲಾಕಿಂಗ್ ಪಟ್ಟಿಯಲ್ಲಿ ಇವರೇ ಮೊದಲು. ಹನ್ನೊಂದು! ಹತ್ತನೇ ಕ್ಲಾಸಿನ ಹುಡುಗಿ ಹನ್ನೊಂದು ವರ್ಷ ಹಿಂದೆ ಅಂಗನವಾಡಿಯಲ್ಲಿದ್ದಳು. ಅಷ್ಟು ದಿನ. ಬ್ಲಾಕ್ ಅಂದರೆ ಬರಿ ಹಾರುವುದಲ್ಲ. ಎದುರು ತಂಡದ ಲಿಫ್ಟರ್ ಚೆಂಡನ್ನು ಯಾವ ಕಡೆ ಎತ್ತುತ್ತಾಳೆ ಅಂತ ಓದಬೇಕು, ಓಡಬೇಕು, ಕೈಯನ್ನು ಸರಿಯಾದ ಹೊತ್ತಿಗೆ ನೆಟ್ ಆಚೆಗೆ ಚಾಚಬೇಕು. ಒಂದು ಗಳಿಗೆ ಬೇಗ ಹಾರಿದರೂ ಕೆಲಸ ಕೆಟ್ಟಿತು. (ಲಿಫ್ಟರ್ ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು, ಆ ಮಾತನ್ನು ಬೇಕಂತಲೇ ಬಳಸುತ್ತಿದ್ದೇನೆ. ಟಿವಿಯವರು ಸೆಟ್ಟರ್ ಅನ್ನುತ್ತಾರೆ. ನಮ್ಮ ಹೊನಲು ಬೆಳಕಿನ ಪಂದ್ಯಾಟದಲ್ಲಿ ಬಹುಮಾನ ಕೊಡುವುದು 'ಬೆಸ್ಟ್ ಲಿಫ್ಟರ್'ಗೇ.)

ಇನ್ನೂ ವಿಚಿತ್ರ ಇದೆ. ನಡುವಿನಲ್ಲಿ ಆಡುವವರಿಗೆ ಹೊಡೆಯಲು ಸಿಗುವ ಚೆಂಡು ಕಡಿಮೆ. ಅರ್ಧ ಹೊತ್ತು ಲಿಬೆರೋಗೆ ಜಾಗ ಬಿಟ್ಟು ಹೊರಗೆ ನಿಂತಿರುತ್ತಾರೆ. ಹಾಗಿದ್ದೂ ವಿ-ಲೀಗಿನ ಹೆಣ್ಣುಮಕ್ಕಳಲ್ಲಿ 7,000 ಪಾಯಿಂಟ್ ದಾಟಿದ ಮೊದಲಿಗರು ಯಾಂಗ್. ಅದಕ್ಕೂ ಮುಂಚೆ 5,000 ದಾಟಿದ ಮೊದಲಿಗರು ಹ್ವಾಂಗ್ ಯೊನ್-ಜು, ಎಡಗೈ ಸ್ಮ್ಯಾಶರ್. ಅವರಿಗೆ ಹೊಡೆಯುವುದೇ ಕೆಲಸ. ಯಾಂಗ್ ಕೆಲಸ ತಡೆಯುವುದು.

ಹೊಡೆಯುವ ರೀತಿಯೂ ಬೇರೆ. ಬಲ ಕಾಣುವುದಿಲ್ಲ. ಎತ್ತರದಲ್ಲಿ ಚೆಂಡು ಸಿಕ್ಕಿದಾಗ ಮಣಿಕಟ್ಟು ತಿರುಗಿಸಿ ಎದುರಿನವರು ಬಿಟ್ಟ ಜಾಗಕ್ಕೆ ಮೆಲ್ಲಗೆ ಬೀಳಿಸುತ್ತಾರೆ. ಮೊದಲ ಸಲ ನೋಡಿದಾಗ 'ಅಯ್ಯೋ ಇಷ್ಟೇನಾ' ಅನ್ನಿಸುತ್ತದೆ. ಎರಡನೇ ಸೆಟ್ಟಿನಲ್ಲಿ ಲೆಕ್ಕ ಹಾಕಿದರೆ ಪಾಯಿಂಟ್ ಎರಡಂಕಿ ಆಗಿರುತ್ತದೆ. ಸಂತೆಯಲ್ಲಿ ಕೂಗದೆ ಕೂತೇ ಎಲ್ಲ ಸೊಪ್ಪು ಮಾರಿ ಎದ್ದುಹೋಗುವ ಅಜ್ಜಿಯರ ಹಾಗೆ.

ಅದೃಷ್ಟ ಮಾತ್ರ ಇವರ ಜೊತೆ ಚೆನ್ನಾಗಿ ಆಟ ಆಡಿದೆ. ಲೀಗಿನ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಬಂದದ್ದು 2019-20 ಮತ್ತು 2021-22ರಲ್ಲಿ. ಎರಡೂ ಸಲ ಹ್ಯುಂಡೈ ಪಟ್ಟಿಯ ತುದಿಯಲ್ಲಿತ್ತು. ಎರಡೂ ಸಲ ಕೊರೋನಾ ಬಂದು ಫೈನಲ್ ನಡೆಯಲೇ ಇಲ್ಲ. 2021-22ರಲ್ಲಂತೂ 31 ಪಂದ್ಯ ಆಡಿ 28 ಗೆದ್ದಿದ್ದರು. ಟ್ರೋಫಿ ಎತ್ತುವ ದಿನ ಬರಲೇ ಇಲ್ಲ. ಕೊರೋನಾ ನಮ್ಮೆಲ್ಲರಿಂದ ಏನೇನೋ ಕಿತ್ತುಕೊಂಡಿದೆ, ಇದು ಅದರಲ್ಲಿ ಚಿಕ್ಕದು. ಆದರೂ ಬೇಜಾರು.

ಎತ್ತರ ಇದ್ದೂ ಹಾರುವ ಶಕ್ತಿ ಕಡಿಮೆ ಇರುವ ಹುಡುಗಿಯರು ಯಾಂಗ್ ಆಟ ನೋಡಲೇಬೇಕು. ನೋಡುವಾಗ ಚೆಂಡಿನ ಮೇಲೆ ಕಣ್ಣಿಡಬೇಡಿ. ಇವರ ತಲೆ ಯಾವ ಕಡೆ ತಿರುಗಿದೆ ಅಂತ ನೋಡಿ. ಚೆಂಡು ಹೋಗುವುದಕ್ಕೆ ಮುಂಚೆ ತಲೆ ಹೋಗಿರುತ್ತದೆ.

ಪಾರ್ಕ್ ಜೊಂಗ್-ಆ: ನನ್ನ ಆಯ್ಕೆ

ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇಲ್ಲಿ ನಾನು ಪಕ್ಷಪಾತಿ.

ಪಾರ್ಕ್ ಹುಟ್ಟಿದ್ದು 1993ರಲ್ಲಿ. 187 ಸೆಂಟಿಮೀಟರ್. ಬ್ಯಾಂಕಿನ ತಂಡವಾದ ಐಬಿಕೆ ಆಲ್ಟೋಸ್ ಹೊಸದಾಗಿ ಶುರುವಾದಾಗ ಸೇರಿದ ಮೊದಲ ಹುಡುಗಿಯರಲ್ಲಿ ಒಬ್ಬರು. ಹೊಡೆತ ಜೋರು. ದೌರ್ಬಲ್ಯ ಸರ್ವಿಸ್ ತೆಗೆಯುವುದು. ಲೀಗಿನಲ್ಲಿ ತರಬೇತುದಾರರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಸರ್ವಿಸನ್ನು ಬೇರೆಯವರು ತೆಗೆಯಲಿ, ನೀನು ಹೊಡಿ ಅಷ್ಟೇ.

ರಾಷ್ಟ್ರೀಯ ತಂಡದಲ್ಲಿ ಆ ಅನುಕೂಲ ಇರಲಿಲ್ಲ. 2016ರ ರಿಯೋ ಕ್ವಾರ್ಟರ್‌ಫೈನಲ್‌ನಲ್ಲಿ ನೆದರ್ಲೆಂಡ್ಸ್ ತಂಡ ಬೇಕಂತಲೇ ಸರ್ವಿಸನ್ನೆಲ್ಲ ಪಾರ್ಕ್ ಕಡೆಗೆ ಕಳಿಸಿತು. ಚೆಂಡು ಕೈಗೆ ತಾಗಿ ಎಲ್ಲೆಲ್ಲೋ ಹೋಯಿತು. ಕೊರಿಯಾ 1-3ರಿಂದ ಸೋತಿತು. ಊರಿಗೆ ಊರೇ ಇವರ ಮೇಲೆ ಬಿತ್ತು. ಬೈಗುಳ ಎಷ್ಟಿತ್ತೆಂದರೆ ತಮ್ಮ ಸಾಮಾಜಿಕ ಜಾಲತಾಣದ ಖಾತೆಯನ್ನೇ ಮುಚ್ಚಬೇಕಾಯಿತು. ಆಗ ವಯಸ್ಸು 23.

ಮುಂದಿನ ವರ್ಷ ಪಾರ್ಕ್ ತಂಡ ಬದಲಿಸಿ ಕೊರಿಯಾ ಎಕ್ಸ್‌ಪ್ರೆಸ್‌ವೇ ಸೇರಿದರು. ನಾನು ಹೇಳಿದ ಹೆದ್ದಾರಿ ನಿಗಮದ ತಂಡ. 2017-18ರಲ್ಲಿ ಆ ತಂಡ ಚಾಂಪಿಯನ್ ಆಯಿತು, ಫೈನಲ್‌ನ ಶ್ರೇಷ್ಠ ಆಟಗಾರ್ತಿ ಪಾರ್ಕ್.

ಈಗ ಟೋಕಿಯೋಗೆ ಬನ್ನಿ. ಜಪಾನ್ ಮೇಲಿನ ಆ ಪಂದ್ಯ. ಐದನೇ ಸೆಟ್, 12-14. ಇನ್ನೊಂದು ಪಾಯಿಂಟ್ ಹೋದರೆ ಮುಗಿಯಿತು. ಎಲ್ಲರ ಕಣ್ಣೂ ಕಿಮ್ ಮೇಲೆ, ಜಪಾನಿನ ಬ್ಲಾಕರ್‌ಗಳ ಕಣ್ಣೂ ಕಿಮ್ ಮೇಲೆ. ಲಿಫ್ಟರ್ ಚೆಂಡು ಎತ್ತಿದ್ದು ಪಾರ್ಕ್‌ಗೆ. ಹೊಡೆದರು. 13. 14. 15. ಮತ್ತೆ ಚೆಂಡು ಪಾರ್ಕ್ ಕಡೆಗೇ ಹೋಯಿತು, ಬ್ಲಾಕಿಗೆ ತಾಗಿ ಹೊರಗೆ ಬಿತ್ತು. 16-14. ಐದು ವರ್ಷ ಹಿಂದೆ ಇಡೀ ದೇಶ ಬೈದ ಹುಡುಗಿ. ಈ ಕೊನೆಯ ಎರಡು ನಿಮಿಷವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪಾರ್ಕ್‌ಗೆ ಕೊರಿಯಾದಲ್ಲಿ 'ಕ್ಲಚ್ ಪಾರ್ಕ್' ಅಂತ ಹೆಸರಿದೆ. ಬಿಗಿ ಹೊತ್ತಿನಲ್ಲಿ ಕೈ ಹಿಡಿಯುವವಳು ಅನ್ನುವ ಅರ್ಥದಲ್ಲಿ.

ಆದರೆ ಇದನ್ನು ಸಿನಿಮಾ ಥರ ಇಲ್ಲಿಗೇ ನಿಲ್ಲಿಸಿದರೆ ಮೋಸ. 2023ರಲ್ಲಿ ಪಾರ್ಕ್ ಒಳ್ಳೆಯ ಸಂಬಳಕ್ಕೆ ಪೆಪ್ಪರ್ ಸೇವಿಂಗ್ಸ್ ಬ್ಯಾಂಕ್ ತಂಡಕ್ಕೆ ಹೋದರು. ಆ ಸೀಸನ್ನಿನಲ್ಲಿ ಆ ತಂಡ ಸತತ 23 ಪಂದ್ಯ ಸೋತಿತು. ಲೀಗಿನ ಕೊನೇ ಸ್ಥಾನ. ಬಿದ್ದು ಎದ್ದವರು ಮತ್ತೆ ಬೀಳುವುದಿಲ್ಲ ಅಂತೇನೂ ಇಲ್ಲ.

ಒಂದು ದೊಡ್ಡ ಪಂದ್ಯದಲ್ಲಿ ತಪ್ಪು ಮಾಡಿ, ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತು ಊರಿಗೆ ಬಂದವರಿಗೆ ಪಾರ್ಕ್ ಹತ್ತಿರ ಅನ್ನಿಸುತ್ತಾರೆ. ನನಗೆ ಹಾಗೇ ಅನ್ನಿಸಿದ್ದು. ನಮ್ಮ ತಾಲೂಕು ಫೈನಲ್‌ನಲ್ಲಿ ಕೊನೆಯ ಸರ್ವಿಸನ್ನು ನೆಟ್ಟಿಗೆ ಹೊಡೆದವನು ನಾನು. ಮೂವತ್ತು ವರ್ಷ ಆಯಿತು, ಊರಲ್ಲಿ ಕೆಲವರು ಈಗಲೂ ನೆನಪಿಸುತ್ತಾರೆ.

ಮೂವರೂ ಎದುರುಬದುರಾದಾಗ

ಹೋಲಿಕೆ ಮಾಡುವವರಿಗೆ ಕೊರಿಯಾದ ಲೀಗ್ ಮೂರು ವರ್ಷ ಹಬ್ಬದೂಟವನ್ನೇ ಬಡಿಸಿತು.

ಕಿಮ್ 2020ರಲ್ಲಿ ಊರಿಗೆ ಮರಳಿದ್ದರು. ಬೇರೆ ಹುಡುಗಿಯರ ಸಂಬಳಕ್ಕೆ ಕತ್ತರಿ ಬೀಳದಿರಲಿ ಅಂತ ತಮ್ಮ ಸಂಬಳವನ್ನೇ ತುಂಬಾ ಇಳಿಸಿಕೊಂಡು ಹಂಗ್‌ಗುಕ್ ಸೇರಿದರು. ಆ ವರ್ಷ ಎಲ್ಲವನ್ನೂ ಅವರೇ ಗೆಲ್ಲುತ್ತಾರೆ ಅಂತ ಎಲ್ಲರ ಮಾತು. ಗೆದ್ದದ್ದು ಜಿಎಸ್ ಕಾಲ್ಟೆಕ್ಸ್. ಕಪ್, ಲೀಗ್, ಫೈನಲ್ ಮೂರನ್ನೂ ಬಾಚಿತು. ಕಿಮ್ ಒಂದು ವರ್ಷ ಶಾಂಘೈಗೆ ಹೋಗಿ 2022ರಲ್ಲಿ ಮತ್ತೆ ಬಂದರು.

2022-23ರ ಫೈನಲ್, ಎದುರಾಳಿ ಪಾರ್ಕ್ ಇದ್ದ ಎಕ್ಸ್‌ಪ್ರೆಸ್‌ವೇ. ಐದು ಪಂದ್ಯಗಳ ಸರಣಿಯಲ್ಲಿ ಮೊದಲ ಎರಡನ್ನು ಹಂಗ್‌ಗುಕ್ ಗೆದ್ದಿತು. ಮುಗಿಯಿತು ಅಂದುಕೊಂಡರು. ಎಕ್ಸ್‌ಪ್ರೆಸ್‌ವೇ ಉಳಿದ ಮೂರನ್ನೂ ಗೆದ್ದು ಕಪ್ ಎತ್ತಿತು. ವಿ-ಲೀಗಿನ ಹೆಣ್ಣುಮಕ್ಕಳ ಫೈನಲ್‌ನಲ್ಲಿ ಹಾಗೆ ಆದದ್ದು ಅದೇ ಮೊದಲು. 2023-24ರ ಫೈನಲ್‌ನಲ್ಲಿ ಎದುರಾಳಿ ಯಾಂಗ್ ಇದ್ದ ಹ್ಯುಂಡೈ. ಮೂರು ಪಂದ್ಯವೂ ಐದು ಸೆಟ್ಟಿಗೆ ಹೋದವು, ಮೂರನ್ನೂ ಹ್ಯುಂಡೈ ಗೆದ್ದಿತು. ಕೊರೋನಾ ಕಿತ್ತುಕೊಂಡದ್ದರಲ್ಲಿ ಒಂದಿಷ್ಟು ಯಾಂಗ್‌ಗೆ ವಾಪಸ್ಸು ಬಂತು ಅಂದುಕೊಂಡೆ. ಗಮ್ಮತ್ತೆಂದರೆ ಯಾಂಗ್ ಮತ್ತು ಕಿಮ್ ಗೆಳತಿಯರು, ರಾಷ್ಟ್ರೀಯ ತಂಡದ ಶಿಬಿರದಲ್ಲಿ ಒಂದೇ ರೂಮಿನಲ್ಲಿದ್ದವರು.

2024-25. ಇದೇ ನನ್ನ ಕೊನೇ ಸೀಸನ್ ಅಂತ ಕಿಮ್ ನಡುವಿನಲ್ಲೇ ಹೇಳಿಬಿಟ್ಟರು. ಫೈನಲ್‌ನಲ್ಲಿ ಎದುರಾಳಿ ರೆಡ್ ಸ್ಪಾರ್ಕ್ಸ್, ಅವರ ಕಡೆ ಇಂಡೋನೇಷ್ಯಾದ ಮೆಗಾವತಿ. ತಲೆಗೆ ಹಿಜಾಬ್, ಕೈಯಲ್ಲಿ ಸಿಡಿಲು. ಮೊದಲ ಎರಡು ಪಂದ್ಯ ಹಂಗ್‌ಗುಕ್ ಗೆದ್ದಿತು, ಮುಂದಿನ ಎರಡು ಸೋತಿತು. ಎರಡು ವರ್ಷ ಹಿಂದಿನ ಕಥೆಯೇ ಮತ್ತೆ ನಡೆಯುತ್ತದೇನೋ ಅಂತ ನನಗೂ ಹೆದರಿಕೆ. ಏಪ್ರಿಲ್ 8, ಐದನೇ ಪಂದ್ಯ, ಅದರಲ್ಲೂ ಐದನೇ ಸೆಟ್, 15-13. ಕಿಮ್ 34 ಪಾಯಿಂಟ್. ವಯಸ್ಸು 37. ಫೈನಲ್‌ನ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿಗೆ ಒಂದು ಮತವೂ ಆಚೀಚೆ ಹೋಗಲಿಲ್ಲ.

ಅಕ್ಕನ ಮಗಳಂಥವರಿಗೆ: ಎತ್ತರ ಇಲ್ಲದವರು

ನಿಜವಾಗಿ ಚೀಟಿಯಲ್ಲಿ ಮೊದಲು ಬರೆದುಕೊಟ್ಟ ಹೆಸರು ಕಿಮ್ ಹೆ-ರಾನ್. 168 ಸೆಂಟಿಮೀಟರ್, ಲಿಬೆರೋ. ಲಿಬೆರೋ ಅಂದರೆ ಬೇರೆ ಬಣ್ಣದ ಅಂಗಿ ಹಾಕಿ ಹಿಂದಿನ ಸಾಲಿನಲ್ಲೇ ಆಡುವವರು. ಸ್ಮ್ಯಾಶ್ ಹೊಡೆಯುವಂತಿಲ್ಲ, ಬ್ಲಾಕ್ ಮಾಡುವಂತಿಲ್ಲ. ಬೀಳುವ ಚೆಂಡನ್ನು ಎತ್ತುವುದೊಂದೇ ಕೆಲಸ. ಕಿಮ್ ಹೆ-ರಾನ್ ಹೀಗೆ ಎತ್ತಿದ ಚೆಂಡುಗಳ ಲೆಕ್ಕ ಹತ್ತು ಸಾವಿರ ದಾಟಿತು, ವಿ-ಲೀಗಿನಲ್ಲಿ ಇವರೇ ಮೊದಲು. 2015ರ ಆಲ್‌ಸ್ಟಾರ್ ಪಂದ್ಯದಲ್ಲಿ, ಅಂದರೆ ಸುಮ್ನೆ ಖುಷಿಗೆ ಆಡುವ ಪಂದ್ಯದಲ್ಲಿ, ಮಂಡಿಯ ಲಿಗಮೆಂಟ್ ಹರಿಯಿತು. ವಾಪಸ್ಸು ಬಂದರು. 2016ರಲ್ಲಿ ರಿಯೋದಲ್ಲಿ ಆಡಿದರು. 2020ರಲ್ಲಿ ಮಗು ಬೇಕು ಅಂತ ನಿವೃತ್ತಿ ಹೇಳಿದರು. ಆ ಡಿಸೆಂಬರಿನಲ್ಲಿ ಹೆರಿಗೆ. 2021ರಲ್ಲಿ ಮತ್ತೆ ಅಂಗಳದಲ್ಲಿ! ಪೂರ್ತಿ ಬಿಟ್ಟದ್ದು 2024ರಲ್ಲಿ, ನಲವತ್ತರ ಹತ್ತಿರ.

ಹೆರಿಗೆ ರಜೆ ಮುಗಿಸಿ ಬಂದು ಆಡುವ ದಾರಿಯನ್ನು ಆ ಲೀಗಿನಲ್ಲಿ ಮೊದಲು ತೆರೆದವರು ನಡು ಬ್ಲಾಕರ್ ಜೊಂಗ್ ದೆ-ಯೊಂಗ್. ಅವರು ನಲವತ್ತು ದಾಟಿದಮೇಲೂ ಆಡಿದರು. ಮದುವೆ ಆಯ್ತು, ಇನ್ನು ಆಟ ಸಾಕು ಅನ್ನುವ ಮನೆಗಳಿಗೆ ಈ ಎರಡು ಹೆಸರು ಹೇಳಿ ನೋಡಿ.

ಇಮ್ ಮ್ಯೊಂಗ್-ಓಕ್ ಇನ್ನೊಬ್ಬ ಲಿಬೆರೋ. 2015ರಲ್ಲಿ ಎರಡು ತಂಡಗಳು ಇವರನ್ನೂ ಕಿಮ್ ಹೆ-ರಾನ್‌ರನ್ನೂ ಅದಲುಬದಲು ಮಾಡಿಕೊಂಡವು. ಆಮೇಲೆ ಇಮ್ ಅದೇ ಎಕ್ಸ್‌ಪ್ರೆಸ್‌ವೇಯಲ್ಲಿ ಎರಡು ಸಲ ಚಾಂಪಿಯನ್ ಆದರು, ಎತ್ತಿದ ಚೆಂಡಿನ ದಾಖಲೆಯನ್ನೂ ಮುರಿದರು. ಇವರಿಬ್ಬರಲ್ಲಿ ಯಾರು? ಹಾರಿಬಿದ್ದು ಚೆಂಡು ಎತ್ತುವುದು ನೋಡಬೇಕಿದ್ದರೆ ಕಿಮ್ ಹೆ-ರಾನ್. ಹಾರುವ ಅಗತ್ಯವೇ ಬಾರದ ಹಾಗೆ ಮೊದಲೇ ಸರಿಯಾದ ಜಾಗದಲ್ಲಿ ನಿಂತಿರುವುದು ನೋಡಬೇಕಿದ್ದರೆ ಇಮ್. ಕಲಿಯುವವರಿಗೆ ಇಮ್ ಮೇಲು ಅನ್ನುತ್ತೇನೆ. ಹುಡುಗಿಯರಿಗೆ ಇಷ್ಟವಾಗುವುದು ಮಾತ್ರ ಕಿಮ್ ಹೆ-ರಾನ್.

ಇಲ್ಲ, ನನಗೆ ಹೊಡೆಯಲೇಬೇಕು ಅನ್ನುತ್ತೀರಾ? ಹಾಗಿದ್ದರೆ ಹಳೆಯ ಕಾಲಕ್ಕೆ ಹೋಗಬೇಕು. ಜೊ ಹ್ಯೆ-ಜೊಂಗ್, 165 ಸೆಂಟಿಮೀಟರ್. ಹೆಚ್ಚುಕಡಿಮೆ ಐದಡಿ ಐದಿಂಚು. ಆಡುತ್ತಿದ್ದದ್ದು ಸ್ಮ್ಯಾಶರ್ ಆಗಿ! ಅಡ್ಡಹೆಸರು 'ಹಾರುವ ಪುಟ್ಟ ಹಕ್ಕಿ'. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಯನ್ನು ಸೋಲಿಸಿ ಕಂಚು ತಂದ ತಂಡದ ತಾರೆ. ಕೊರಿಯಾಕ್ಕೆ ಚೆಂಡಾಟಗಳಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಹೆಣ್ಣುಮಕ್ಕಳ ವಾಲಿಬಾಲಿನಲ್ಲಿ ಅದೇ ಕೊನೆಯದೂ ಹೌದು. ಕಿಮ್ ಯೊನ್-ಕ್ಯೊಂಗ್‌ಗೂ ಸಿಗದ ಪದಕ ಈ ಐದಡಿ ಐದಿಂಚಿನವರ ಬಳಿ ಇತ್ತು. ಮುಂದೆ 2010ರಲ್ಲಿ ಜಿಎಸ್ ಕಾಲ್ಟೆಕ್ಸ್ ತಂಡದ ಮುಖ್ಯ ತರಬೇತುದಾರರಾದರು, ಕೊರಿಯಾದ ವೃತ್ತಿಪರ ಕ್ರೀಡೆಯಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. 2024ರಲ್ಲಿ ತೀರಿಕೊಂಡರು.

ತೊಂಬತ್ತರ ದಶಕದ ಜಾಂಗ್ ಯೂನ್-ಹೀ ಕೂಡ ಇದೇ ಸಾಲಿನವರು. 170 ಸೆಂಟಿಮೀಟರ್. ಇವರು ಆಡುತ್ತಿದ್ದ ತೈಲ ಕಂಪನಿಯ ತಂಡ ಸತತ 92 ಪಂದ್ಯ ಗೆದ್ದಿತ್ತು. 1994ರ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಕೊರಿಯಾ ಚಿನ್ನ ಗೆದ್ದಾಗಲೂ ಇದ್ದರು. ಇವರಿಬ್ಬರ ಆಟದ ವಿಡಿಯೋ ಈಗಿನವರದಷ್ಟು ಸುಲಭವಾಗಿ ಸಿಗುವುದಿಲ್ಲ, ಅದೊಂದೇ ತೊಂದರೆ.

ಉಳಿದವರು, ಬೇಗ ಬೇಗ

ಲಿಫ್ಟರ್ ಆಗಬೇಕೆನ್ನುವವರು ಲೀ ಹ್ಯೋ-ಹೀ ಹೆಸರು ಬರೆದುಕೊಳ್ಳಿ. ನಾಲ್ಕು ಬೇರೆ ಬೇರೆ ತಂಡಗಳಲ್ಲಿ ಚಾಂಪಿಯನ್ ಆದವರು. ಹೋದಲ್ಲೆಲ್ಲ ತಂಡ ಗೆದ್ದರೆ ಅದು ಕಾಕತಾಳೀಯ ಅಲ್ಲ, ಅಲ್ವಾ?

ಈಗಿನ ಲೀಗ್ ನೋಡುವವರಿಗೆ ಕಾಂಗ್ ಸೊ-ಹ್ವಿ. 1997ರಲ್ಲಿ ಹುಟ್ಟಿದವರು. ಜಿಎಸ್ ಕಾಲ್ಟೆಕ್ಸ್ ಮೂರು ಕಪ್ ಬಾಚಿದ ವರ್ಷ ಅಲ್ಲಿದ್ದರು. 2024ರಲ್ಲಿ ಮೂರು ವರ್ಷಕ್ಕೆ 240 ಕೋಟಿ ವೊನ್ ಒಪ್ಪಂದಕ್ಕೆ ಎಕ್ಸ್‌ಪ್ರೆಸ್‌ವೇ ಸೇರಿದರು.

ಅವಳಿ ಸೋದರಿಯರಾದ ಲೀ ಜೆ-ಯೊಂಗ್, ಲೀ ದಾ-ಯೊಂಗ್ ಎಲ್ಲಿ ಅಂತ ಕೆಲವರು ಕೇಳಬಹುದು. ಅಕ್ಕ ಸ್ಮ್ಯಾಶರ್, ತಂಗಿ ಲಿಫ್ಟರ್, ಇಬ್ಬರದೂ ಮೊದಲ ದರ್ಜೆಯ ಆಟ. 2021ರ ಫೆಬ್ರವರಿಯಲ್ಲಿ, ಶಾಲೆಯ ದಿನಗಳಲ್ಲಿ ಜೊತೆಯ ಆಟಗಾರ್ತಿಯರನ್ನು ಹಿಂಸಿಸಿದ್ದರು ಅನ್ನುವ ಆರೋಪ ಬಂತು. ಇಬ್ಬರೂ ಕ್ಷಮೆ ಕೇಳಿದರು, ಕೆಲವು ಆರೋಪ ನಿಜವಲ್ಲ ಅಂತ ಆಮೇಲೆ ಹೇಳಿದರು. ರಾಷ್ಟ್ರೀಯ ತಂಡದ ಬಾಗಿಲು ಮುಚ್ಚಿತು, ಗ್ರೀಸಿಗೆ ಹೋಗಿ ಆಡಿದರು. ಶಾಲೆಯ ಹುಡುಗಿಗೆ ಬರೆದ ಚೀಟಿಯಲ್ಲಿ ಆ ಹೆಸರುಗಳನ್ನು ನಾನು ಸೇರಿಸಲಿಲ್ಲ.

ರಾಷ್ಟ್ರೀಯ ತಂಡವನ್ನು ನೋಡಿಯೇ ಶುರು ಮಾಡುತ್ತೇನೆ ಅನ್ನುವವರು ಹಳೆಯ ಪಂದ್ಯಗಳನ್ನೇ ಹುಡುಕಿ. ಟೋಕಿಯೋ ಮುಗಿದ ಮೇಲೆ ಕಿಮ್, ಯಾಂಗ್ ಮತ್ತು ನಡು ಬ್ಲಾಕರ್ ಕಿಮ್ ಸು-ಜಿ ಮೂವರೂ ಒಟ್ಟಿಗೆ ರಾಷ್ಟ್ರೀಯ ತಂಡ ಬಿಟ್ಟರು. ಮನೆಯ ಕಂಬ ಮೂರು ಒಟ್ಟಿಗೆ ಕಿತ್ತ ಹಾಗಾಯಿತು. ದೇಶದೇಶಗಳ ತಂಡಗಳು ಆಡುವ ನೇಷನ್ಸ್ ಲೀಗಿನಲ್ಲಿ 2022ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸೋಲು, 2023ರಲ್ಲೂ ಅಷ್ಟೇ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಸಿಗಲಿಲ್ಲ. 2025ರಲ್ಲಿ ನೇಷನ್ಸ್ ಲೀಗಿನಿಂದಲೇ ಹೊರಬಿದ್ದರು. ಗಂಡಸರ ತಂಡದ ಕಥೆಯೂ ಅಷ್ಟಕ್ಕಷ್ಟೇ, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಭಾರತದ ಹುಡುಗರು ಅವರನ್ನು 3-2ರಿಂದ ಸೋಲಿಸಿದ್ದು ನೆನಪಿರಬಹುದು.

ಚೀಟಿ ಕೊಟ್ಟು ಎರಡು ತಿಂಗಳಾಯಿತು. ಮೊನ್ನೆ ಅಕ್ಕನ ಮಗಳು ಫೋನ್ ಮಾಡಿ, "ಮಾಮ, ನೀಕ್ಯಾಪ್ ಯಾವ್ದು ಒಳ್ಳೇದು? ಡೈವ್ ಹೊಡ್ದು ಹೊಡ್ದು ಮಂಡಿ ಕಿತ್ತೋಗಿದೆ" ಅಂದಳು. ಸರ್ ಅವಳನ್ನು ಲಿಬೆರೋ ಮಾಡಿದ್ದಾರಂತೆ. ಇಮ್ ಆಟ ನೋಡಿದ್ರೆ ಇಷ್ಟು ಬೀಳ್ಬೇಕಾಗಿರಲಿಲ್ಲ ಅಂದೆ. ನೋಡಿದ್ದು ಕಿಮ್ ಹೆ-ರಾನ್ ಅಂತೆ. ಮೊಬೈಲಿನ ಚಿತ್ರ ಬದಲಾಯಿಸಿದ್ಯಾ ಅಂತ ಕೇಳಿದೆ. ಇಲ್ಲವಂತೆ.